ಮೂಡ್ ಬರ್ಲಿ ಅಂತ ಕಾಯ್ಬೇಡಿ, ಮೊದ್ಲು ಚಪ್ಪಲಿ ಮೆಟ್ಕೊಳ್ಳಿ

ಹರಳೆಣ್ಣೆ ಕುಡಿದಂಗೆ ಮುಖ ಮಾಡ್ಕೊಂಡು ಕೂತಿರೋರ್ನ ಒಂದ್ ರೌಂಡ್ ವಾಕಿಂಗ್ ಹೋಗ್ಬನ್ನಿ ಅಂದ್ರೆ ಬರೋ ಉತ್ತರ ಒಂದೇ, "ಮೂಡ್ ಇಲ್ಲ ಕಣ್ರೀ, ಬಂದ್ಮೇಲೆ ಹೋಗ್ತೀನಿ". ಎಲ್ರೂ ಎಡವೋದು ಇಲ್ಲೇ. ಮೂಡ್ ಬಂದ್ಮೇಲೆ ಹೋಗೋದಲ್ಲ, ಹೋದ್ಮೇಲೆ ಮೂಡ್ ಬರೋದು. ಮನಸ್ಸಿನ ಡಾಕ್ಟ್ರುಗಳು ಖಿನ್ನತೆಗೆ ಕೊಡೋ ಬಿಹೇವಿಯರಲ್ ಆ್ಯಕ್ಟಿವೇಶನ್ ಅನ್ನೋ ಚಿಕಿತ್ಸೆ ನಿಂತಿರೋದೇ ಇದ್ರ ಮೇಲೆ.

ಹಂಗಾಗಿ ಮೊದಲ್ನೇ ಕೆಲಸ ಬೆಳಗ್ಗೆ ಹೊಸ್ತಿಲು ದಾಟೋದು. ಇದೊಂದೇ ಕಷ್ಟ, ಆದ್ರೆ ಇದ್ರ ತಯಾರಿ ಹಿಂದಿನ ರಾತ್ರೀನೇ ಶುರುವಾಗ್ಬೇಕು. ಚಪ್ಪಲಿನೋ ಶೂನೋ ಬಾಗಿಲ ಹತ್ರ ಇಡಿ, ಬಟ್ಟೆ ಕುರ್ಚಿ ಮೇಲಿರ್ಲಿ, ಫೋನ್ ಚಾರ್ಜಿಗೆ ಹಾಕೋದು ಅಡುಗೆಮನೇಲಿ, ದಿಂಬಿನ ಪಕ್ಕ ಬೇಡವೇ ಬೇಡ, ಯಾಕಂದ್ರೆ ಎದ್ದ ತಕ್ಷಣ ಸ್ಟೇಟಸ್ ನೋಡೋಕೆ ಶುರು ಮಾಡಿದ್ರೆ ಮುಗೀತು, ಬಿಸಿಲು ನೆತ್ತಿಗೆ ಬಂದಿರುತ್ತೆ. ಗುರಿ ನಗು ಬರೋವಷ್ಟು ಚಿಕ್ಕದಿರ್ಲಿ: ಹಾಲಿನ ಬೂತ್‌ವರೆಗೆ, ಅಷ್ಟೇ. ಅಲ್ಲಿಗೆ ಹೋದ್ಮೇಲೂ ಬೇಜಾರಾದ್ರೆ ವಾಪಸ್ ಬನ್ನಿ, ಯಾರೂ ಬೈಯಲ್ಲ. ನನ್ನ ಫ್ರೆಂಡ್ ಒಬ್ಬ ಮೊದಲ್ನೇ ದಿನಾನೇ ದೇವರಾಯನದುರ್ಗ ಹತ್ತಿ ಬಂದ, ಆಮೇಲೆ ಒಂದ್ ವಾರ ಮಂಡಿಗೆ ಎಣ್ಣೆ ತಿಕ್ಕೊಂಡು ಮಲಗಿದ್ದ, ಈಗ ವಾಕಿಂಗ್ ಅಂದ್ರೇನೇ ಉರ್ಕೊಳ್ತಾನೆ.

ಮೋಡ ಇದ್ರೂ ಹೊರಗಡೆನೇ ಹೋಗಿ. ಮೋಡದ ಬೆಳಕು ಕೂಡ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ಬೆಳಗಿನ ಆ ಬೆಳಕು ಕಣ್ಣಿಗೆ ಬಿದ್ರೆ ಮೈಯೊಳಗಿನ ಗಡಿಯಾರ ಸರಿಯಾಗಿ ರಾತ್ರಿ ಹೊತ್ತಿಗೆ ನಿದ್ದೆ ಬರುತ್ತೆ, ನಿದ್ದೆ ಸರಿಹೋದ್ರೆ ಅರ್ಧ ಸಿಡುಕು ತಾನಾಗೇ ಇಳಿಯುತ್ತೆ. ನಾನಂತೂ ಅಮಾನಿಕೆರೆ ಕಡೆ ಹೋಗ್ತೀನಿ, ಕಿವಿಗೆ ಇಯರ್‌ಫೋನ್ ಇಲ್ದೆ. ಹಾಕ್ಕೊಂಡೋರಿಗೆ ಯಾರೂ ನಮಸ್ಕಾರ ಹೇಳಲ್ಲ.

ಇನ್ನು ನಗೋ ವಿಷಯ. ಕನ್ನಡಿ ಮುಂದೆ ಹಲ್ಲು ಕಿರಿದು ಪ್ರಾಕ್ಟೀಸ್ ಮಾಡೋರಿದಾರೆ, ಬಾಯಲ್ಲಿ ಪೆನ್ ಕಚ್ಕೊಳ್ಳಿ, ಮುಖ ನಗೋ ಹಂಗಾದ್ರೆ ಖುಷಿನೂ ಬರುತ್ತೆ ಅನ್ನೋ ವಿಡಿಯೋನೂ ಓಡಾಡುತ್ತೆ. ಆ ಪೆನ್ ಪ್ರಯೋಗ 1988ರದ್ದು, 2016ರಲ್ಲಿ 17 ಲ್ಯಾಬುಗಳು ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗ್ಲೇ ಇಲ್ಲ. 2022ರಲ್ಲಿ 19 ದೇಶಗಳ ಜನರ ಮೇಲೆ ಇನ್ನೊಂದ್ಸಲ ನೋಡಿದ್ರು, ನಗೋ ಮುಖ ನೋಡಿ ಹಂಗೇ ನಕ್ಕೋರಿಗೆ ಸ್ವಲ್ಪವೇ ಸ್ವಲ್ಪ ಖುಷಿ ಏರಿತ್ತು, ಪೆನ್ನಿಂದು ಮಾತ್ರ ಆಗ್ಲೂ ಬಗೆಹರೀಲಿಲ್ಲ. 1862ರಲ್ಲೇ ಡುಶೆನ್ ಅನ್ನೋ ಫ್ರೆಂಚ್ ಡಾಕ್ಟ್ರು ಬರೆದಿದ್ರು, ನಿಜವಾದ ನಗೂಲಿ ಕಣ್ಣಿನ ಸುತ್ತ ಇರೋ ಸ್ನಾಯುನೂ ಅಲ್ಲಾಡುತ್ತೆ ಅಂತ. ಅದನ್ನ ಅಲ್ಲಾಡ್ಸೋಕೆ ಕನ್ನಡಿಗಿಂತ ಎದುರಿಗೊಬ್ಬ ಮನುಷ್ಯ ಬೇಕು. ಹೂವಿನವರ ಹತ್ರ "ಸೇವಂತಿಗೆ ಮಾರಿಗೆ ಎಷ್ಟಕ್ಕ ಇವತ್ತು" ಅಂತ ಕೇಳಿ, ರೇಟ್ ಕೇಳಿ "ಅಯ್ಯೋ ಚಿನ್ನ ಆಗೋಯ್ತಾ" ಅನ್ನಿ. ಅವರು ನಗ್ತಾರೆ, ನೀವೂ ನಗ್ತೀರ.

ಗಂಟೆಗೊಂದ್ಸಲ "ನಗಿ!" ಅಂತ ನೆನಪಿಸೋ ಆ್ಯಪ್ ಹಾಕ್ಕೊಂಡಿದ್ದೆ, ಮೂರೇ ದಿನಕ್ಕೆ ಫೋನ್ ಎಸೀಬೇಕು ಅನ್ಸಿ ಡಿಲೀಟ್ ಮಾಡ್ದೆ. ಪಾರ್ಕಲ್ಲಿ ಹಾಹಾ ಹೋಹೋ ಅನ್ನೋ ನಗೆ ಕ್ಲಬ್ಬುಗಳು ಡಾ. ಮದನ್ ಕಟಾರಿಯಾ 1995ರಲ್ಲಿ ಮುಂಬೈಲಿ ಶುರು ಮಾಡಿದ್ದು, ಇಷ್ಟ ಇದ್ರೆ ಹೋಗಿ, ನಂಗೆ ನಾಚ್ಕೆ.

ಒಂದ್ ಮಾತು. ಎರಡು ವಾರದಿಂದ ಯಾವ್ದೂ ಬೇಡ ಅನ್ಸ್ತಿದ್ರೆ, ಊಟ ನಿದ್ದೆ ಕೆಟ್ಟಿದ್ರೆ ಇದ್ಯಾವ್ದೂ ಸಾಲಲ್ಲ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಕೊನೇದು ಸುಲಭ: ಮಲಗೋ ಮುಂಚೆ ಅವತ್ತು ಚೆನ್ನಾಗಿದ್ದ ಮೂರು ವಿಷಯ ಬರೆದಿಡಿ. ದುಬಾರಿ ಡೈರಿ ಬೇಡ, ಮಕ್ಕಳ ಹಳೇ ನೋಟ್‌ಬುಕ್ಕಲ್ಲಿ ಮಿಕ್ಕಿರೋ ಹಾಳೆ ಸಾಕು. ಮೊನ್ನೆ ನಂದು: ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ. ಮಳೆ ಬರೋದ್ರೊಳಗೆ ಮನೆ ಸೇರಿದೆ. ಹೂವಿನಕ್ಕ ದೂರದಿಂದ್ಲೇ ನನ್ ನೋಡಿ ಅವರೇ ಮೊದ್ಲು ನಕ್ಕು "ಇವತ್ತೂ ಚಿನ್ನಾನೇ ಕಣಪ್ಪ" ಅಂದ್ರು.