ಸೋಲಾರ್ ವಾಚು: ಕೊಳ್ಳುವುದು, ಹೊಂದಿಸುವುದು, ಒರೆಗೆ ಹಚ್ಚುವುದು ಹೇಗೆ?

ಸೋಲಾರ್ ವಾಚು ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ದಿನಾ ಬಿಸಿಲಿಗೆ ಇಡಬೇಕಾ? ಬೇಡ. ಕೈಗೆ ಕಟ್ಟಿಕೊಂಡು ಓಡಾಡಿದರೆ ಸಾಕು, ಟ್ಯೂಬ್‌ಲೈಟಿನ ಬೆಳಕಲ್ಲೂ ಅದು ಚಾರ್ಜ್ ಆಗುತ್ತದೆ. ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಡಬ್ಬಿಯ ಮೇಲೆ ಸಾಲಾಗಿ ಬರೆದಿರುವ ಎತ್ತರ, ಗಾಳಿಯ ಒತ್ತಡ, ದಿಕ್ಸೂಚಿ, ರೇಡಿಯೊ ಸಮಯ ಇವುಗಳಲ್ಲಿ ಎಷ್ಟು ನಮ್ಮ ಊರಲ್ಲಿ ಕೆಲಸಕ್ಕೆ ಬರುತ್ತವೆ? ಕೆಲವು ಇಲ್ಲಿ ಸುಮ್ನೆ ದಂಡ. ಇನ್ನು ಕೆಲವು ತಪ್ಪು ತೋರಿಸುತ್ತಿವೆ ಅಂತ ಜನ ಬೈಯುತ್ತಾರೆ, ಆದರೆ ಅವು ಸರಿಯಾಗೇ ಇರುತ್ತವೆ.

ಮೊದಲು, ನಿಮಗೆ ಸೋಲಾರ್ ಬೇಕಾ?

ಸಮಯ, ಅಲಾರಂ, ಸ್ಟಾಪ್‌ವಾಚ್ ಇಷ್ಟೇ ಸಾಕು ಅನ್ನುವವರಿಗೆ ಸೋಲಾರ್ ಬೇಕಾಗಿಲ್ಲ. ಕ್ಯಾಸಿಯೊದ ಎಇ-1200 ತರಹದ ಸಾದಾ ವಾಚುಗಳ ಸೆಲ್ಲು 10 ವರ್ಷ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ, ಬೆಲೆಯೂ ಕಡಿಮೆ. ಸೋಲಾರ್‌ಗೆ ಅರ್ಥ ಬರುವುದು ಸೆನ್ಸರ್‌ಗಳಿರುವ ವಾಚಿನಲ್ಲಿ, ಯಾಕೆಂದರೆ ಎತ್ತರ, ದಿಕ್ಕು ನೋಡಿದಾಗಲೆಲ್ಲ ಕರೆಂಟು ಜಾಸ್ತಿ ಖರ್ಚಾಗುತ್ತದೆ. ಮುಳ್ಳಿನ ವಾಚೇ ಬೇಕು, ಸೆಲ್ಲು ಬದಲಿಸುವ ರಗಳೆ ಬೇಡ ಅನ್ನುವವರಿಗೂ ಸರಿ. ಇದೇನೂ ಹೊಸ ವಿದ್ಯೆಯಲ್ಲ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚು ಕಾರ್ಖಾನೆಗೆ ಕೈಜೋಡಿಸಿದ್ದ ಜಪಾನಿನ ಸಿಟಿಜನ್ ಕಂಪನಿ 1976ರಲ್ಲೇ ಬೆಳಕಿನಿಂದ ನಡೆಯುವ ಮುಳ್ಳಿನ ವಾಚು ತಂದಿತ್ತು.

ಮಾದರಿಯ ಹೆಸರಿನಲ್ಲೇ ಒಂದು ಸುಳಿವಿದೆ. ಕ್ಯಾಸಿಯೊದ ಸೆನ್ಸರ್ ವಾಚುಗಳ ಸಾಲಾದ ಪ್ರೊ ಟ್ರೆಕ್‌ನಲ್ಲಿ ಪಿಆರ್‌ಡಬ್ಲ್ಯು ಅಂತ ಶುರುವಾದರೆ ಸಾಮಾನ್ಯವಾಗಿ ರೇಡಿಯೊ ಸಮಯ ಹಿಡಿಯುವ (ರೇಡಿಯೊ ಸಂಕೇತದಿಂದ ತಾನೇ ಸಮಯ ಸರಿಮಾಡಿಕೊಳ್ಳುವ) ಮಾದರಿ, ಪಿಆರ್‌ಜಿ ಅಂತಿದ್ದರೆ ಆ ಸೌಲಭ್ಯ ಇಲ್ಲದ್ದು. ಕರ್ನಾಟಕದಲ್ಲಿರುವವರು ಪಿಆರ್‌ಜಿ ತಗೊಂಡರೆ ಏನೂ ಕಳೆದುಕೊಳ್ಳುವುದಿಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು

ವಾಚು ತಿರುಗಿಸಿ. ಕ್ಯಾಸಿಯೊ ಆದರೆ ಹಿಂದಿನ ಮುಚ್ಚಳದಲ್ಲಿ ಚಿಕ್ಕ ಚೌಕದೊಳಗೆ ನಾಲ್ಕು ಅಂಕಿಯ ಮಾಡ್ಯೂಲ್ ನಂಬರ್ (ಒಳಗಿನ ಯಂತ್ರದ ನಂಬರ್) ಇರುತ್ತದೆ. ಜಿಡಬ್ಲ್ಯು-ಎಂ5610ಯು ಮಾದರಿಯಲ್ಲಿ ಅದು 3495. ಈ ನಂಬರ್ ಹಾಕಿ ಹುಡುಕಿದರೆ ಕಂಪನಿಯ ಕೈಪಿಡಿ ಸಿಗುತ್ತದೆ. ಕೈಪಿಡಿಯಲ್ಲಿರುವ ಬಟನ್ನುಗಳು ಕೈಯಲ್ಲಿರುವ ವಾಚಿನಲ್ಲಿ ಹಾಗೇ ಕೆಲಸ ಮಾಡಬೇಕು. ನಕಲಿ ಮಾಲಿನಲ್ಲಿ ‘ಟಫ್ ಸೋಲಾರ್’ ಅನ್ನುವ ಅಕ್ಷರ ಇರುತ್ತದೆ, ಚಾರ್ಜ್ ತೋರಿಸುವ ಗುರುತು ಮಾತ್ರ ಇರುವುದಿಲ್ಲ.

ಆ ಗುರುತನ್ನು ಹುಡುಕಿ. ಹೆಚ್ಚಿನ ಡಿಜಿಟಲ್ ಮಾದರಿಗಳಲ್ಲಿ ಎಚ್, ಎಂ, ಎಲ್ (ಹೆಚ್ಚು, ಮಧ್ಯಮ, ಕಡಿಮೆ) ಅಂತ ಮೂರು ಹಂತ. ‘ಎಲ್’ನಲ್ಲಿದ್ದರೆ ಲೈಟು ಹತ್ತುವುದಿಲ್ಲ, ಬೀಪ್ ಬರುವುದಿಲ್ಲ, ಸೆನ್ಸರ್ ಓಡುವುದಿಲ್ಲ. ಮುಳ್ಳಿನ ವಾಚಾದರೆ ಸೆಕೆಂಡ್ ಮುಳ್ಳನ್ನು ನೋಡಿ. ಸಿಟಿಜನ್ ಇಕೊ-ಡ್ರೈವ್, ಸೀಕೊ ಸೋಲಾರ್‌ಗಳಲ್ಲಿ ಚಾರ್ಜ್ ಇಳಿದಾಗ ಮುಳ್ಳು ಎರಡೆರಡು ಸೆಕೆಂಡ್ ಒಟ್ಟಿಗೆ ಜಿಗಿಯುತ್ತದೆ. ವಾಚು ಕೆಟ್ಟಿದೆ ಅಂತಲ್ಲ, ಡ್ರಾಯರಿನ ಕತ್ತಲಲ್ಲಿ ತುಂಬಾ ದಿನ ಕೂತಿದೆ ಅಂತ ಅರ್ಥ. ಹಾಗೆ ವರ್ಷಗಟ್ಟಲೆ ಖಾಲಿ ಕೂತ ಸೆಲ್ಲು ಸೊರಗುತ್ತದೆ, ಹಾಗಾಗಿ ಬೇರೆ ಪೀಸ್ ಕೇಳುವುದರಲ್ಲಿ ಸಂಕೋಚ ಬೇಡ.

ಮನೆಗೆ ತಂದ ಮೇಲೆ ಚಾರ್ಜ್

ಕಿಟಕಿಯ ಹತ್ತಿರ, ಡಯಲ್ ಬೆಳಕಿನ ಕಡೆಗಿರುವಂತೆ ಇಡಿ. ಎಷ್ಟು ಬೆಳಕು ಬೇಕು ಅನ್ನುವ ಲೆಕ್ಕ ಕೈಪಿಡಿಯಲ್ಲೇ ಇದೆ. ಜಿಡಬ್ಲ್ಯು-ಎಂ5610ಕ್ಕೆ ಒಂದು ದಿನದ ಖರ್ಚು ತುಂಬಲು ಹೊರಗಿನ ಬಿಸಿಲಲ್ಲಿ 5 ನಿಮಿಷ, ಕಿಟಕಿಯಿಂದ ಬರುವ ಬಿಸಿಲಲ್ಲಿ 24 ನಿಮಿಷ, ಮೋಡದ ದಿನ ಕಿಟಕಿಯ ಬಳಿ 48 ನಿಮಿಷ, ಟ್ಯೂಬ್‌ಲೈಟಿನ ಕೆಳಗಾದರೆ 8 ಗಂಟೆ. ಈ ಕೊನೆಯ ಅಂಕಿಯನ್ನು ಆಫೀಸಿನವರು ಗಮನಿಸಬೇಕು. ತುಂಬು ತೋಳಿನ ಅಂಗಿ ಹಾಕಿ, ವಾಚನ್ನು ಅದರೊಳಗೆ ಮುಚ್ಚಿಕೊಂಡು, ಬೆಳಗ್ಗಿಂದ ಸಂಜೆವರೆಗೆ ಎಸಿ ರೂಮಿನಲ್ಲಿ ಕೂರುವವರ ವಾಚು ನಿಧಾನಕ್ಕೆ ‘ಎಂ’ಗೆ ಇಳಿಯುತ್ತದೆ. ವಾರಕ್ಕೊಂದು ಬೆಳಗ್ಗೆ ಕಿಟಕಿಯ ಬಳಿ ಇಟ್ಟರೆ ಆಯ್ತು.

ಈ ನಿಮಿಷಗಳೆಲ್ಲ ದಿನದ ಖರ್ಚಿಗೆ ಮಾತ್ರ. ಪೂರ್ತಿ ಖಾಲಿಯಾದ ಸೆಲ್ಲು ತುಂಬಲು ಒಳ್ಳೆಯ ಬಿಸಿಲಲ್ಲೂ ಕೆಲವು ದಿನ ಹಿಡಿಯುತ್ತದೆ. ಅವಸರ ಪಟ್ಟು ಕಾರಿನ ಡ್ಯಾಶ್‌ಬೋರ್ಡ್ ಮೇಲಿಡಬೇಡಿ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಡಿಸ್‌ಪ್ಲೇ ಕಪ್ಪಾಗುವಷ್ಟು ಕಾಯುತ್ತದೆ. ಡಿಸ್‌ಪ್ಲೇ ತಣ್ಣಗಾದ ಮೇಲೆ ಸರಿಹೋಗಬಹುದು, ಸೆಲ್ಲಿಗೆ ಆದ ಪೆಟ್ಟು ಹೋಗುವುದಿಲ್ಲ.

ಸಮಯ ಹೊಂದಿಸುವುದು, ಮತ್ತು ರೇಡಿಯೊ ಕತೆ

‘ಮಲ್ಟಿ ಬ್ಯಾಂಡ್ 6’ ಅಂತ ಬರೆದಿದ್ದರೆ ವಾಚು ಆರು ಕೇಂದ್ರಗಳ ರೇಡಿಯೊ ಸಂಕೇತ ಹಿಡಿಯಬಲ್ಲದು ಅಂತ. ಜಪಾನಿನಲ್ಲಿ ಎರಡು, ಅಮೆರಿಕದ ಫೋರ್ಟ್ ಕಾಲಿನ್ಸ್, ಇಂಗ್ಲೆಂಡಿನ ಆಂಥಾರ್ನ್, ಜರ್ಮನಿಯ ಮೈನ್‌ಫ್ಲಿಂಗನ್, ಚೀನಾದ ಶಾಂಗ್‌ಚಿಯು ತಲಾ ಒಂದು. ಯಾವುದೂ ಕರ್ನಾಟಕಕ್ಕೆ ಮುಟ್ಟುವುದಿಲ್ಲ. ಊರನ್ನು ಡೆಲ್ಲಿ ಅಂತ ಆರಿಸಿದರೆ ವಾಚು ಸಂಕೇತ ಹುಡುಕುವುದೂ ಇಲ್ಲ. ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ನಮ್ಮವರಿಗೆ ಇದು ಚಿನ್ನದಂಥ ಸೌಲಭ್ಯ, ಬೆಂಗಳೂರಿನವರಿಗೆ ಬರೀ ಅಕ್ಷರ.

ಈಗಾಗಲೇ ಕೊಂಡಾಗಿದೆಯಾ? ಒಂದು ಉಪಾಯ ಇದೆ. ಈ ಸಂಕೇತವನ್ನು ಅನುಕರಿಸುವ ಮೊಬೈಲ್ ಆ್ಯಪ್‌ಗಳಿವೆ. ವಾಚಿನಲ್ಲಿ ಊರನ್ನು ಟೋಕಿಯೊ ಮಾಡಿ, ಮೊಬೈಲಿನ ಸ್ಪೀಕರ್‌ಗೆ ತಾಗಿಸಿಟ್ಟು, ಆ್ಯಪ್‌ನಲ್ಲೂ ಜಪಾನಿನ ಸಂಕೇತ ಆರಿಸಿ, ವಾಲ್ಯೂಮ್ ಏರಿಸಿ ಕೆಲವು ನಿಮಿಷ ಬಿಡಿ. ಸಮಯ ಕೂತ ಮೇಲೆ ಊರನ್ನು ಮತ್ತೆ ಡೆಲ್ಲಿಗೆ ತನ್ನಿ, ಸೆಕೆಂಡ್ ಹಾಗೇ ಉಳಿಯುತ್ತದೆ. ಎಲ್ಲ ಮೊಬೈಲಿನಲ್ಲೂ ಮೊದಲ ಸಲಕ್ಕೇ ಆಗುವುದಿಲ್ಲ, ಸ್ಪೀಕರ್ ಇರುವ ಜಾಗ ಬದಲಿಸಿ ನೋಡಬೇಕು. ಬ್ಲೂಟೂತ್ ಇರುವ ಮಾದರಿಗಳಿಗೆ ಈ ಸರ್ಕಸ್ ಬೇಡ.

ಏನೂ ಇಲ್ಲದಿದ್ದರೆ ಮೊಬೈಲಿನ ಸಮಯ ನೋಡಿ ಸೆಕೆಂಡ್ ಸಮೇತ ಹೊಂದಿಸಿ, ಒಂದು ತಿಂಗಳು ಬಿಟ್ಟು ಮತ್ತೆ ಹೋಲಿಸಿ. ತಿಂಗಳಿಗೆ 15 ಸೆಕೆಂಡ್ ಹೆಚ್ಚುಕಡಿಮೆ ಆಗಬಹುದು ಅಂತ ಕಂಪನಿ ಹೇಳಿರುತ್ತದೆ. ಅದರೊಳಗಿದ್ದರೆ ಸರಿ.

ಎತ್ತರ: ಇಲ್ಲೇ ಎಲ್ಲರೂ ಎಡವುವುದು

ವಾಚಿಗೆ ಎತ್ತರ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಗಾಳಿಯ ಒತ್ತಡ ಮಾತ್ರ. ಒತ್ತಡ ಇಳಿದರೆ ಮೇಲೆ ಹತ್ತಿದ್ದೀರಿ ಅಂದುಕೊಳ್ಳುತ್ತದೆ. ಬೆಂಗಳೂರಿನ ಮಟ್ಟದಲ್ಲಿ ಒತ್ತಡ ಒಂದು ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಇಳಿಯಿತೆಂದರೆ ಹೆಚ್ಚುಕಡಿಮೆ 9 ಮೀಟರ್ ಏರಿದ ಲೆಕ್ಕ.

ನಮ್ಮ ಕಡೆ ಒತ್ತಡ ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಗ್ಗೆ ಮತ್ತು ರಾತ್ರಿ 10 ಗಂಟೆ ಹೊತ್ತಿಗೆ ಜಾಸ್ತಿ, ಸಂಜೆ ಮತ್ತು ನಸುಕಿನ 4 ಗಂಟೆ ಹೊತ್ತಿಗೆ ಕಡಿಮೆ. ಹಗಲಿನ ಇಳಿತ ಸುಮಾರು 3 ಹೆಕ್ಟೊಪಾಸ್ಕಲ್ ಅಂತಿಟ್ಟುಕೊಳ್ಳಿ. ಅಂದರೆ ಬೆಳಗ್ಗೆ 10ಕ್ಕೆ ಮೇಜಿನ ಮೇಲಿಟ್ಟ ವಾಚು ಸಂಜೆ 4ಕ್ಕೆ ಅದೇ ಮೇಜಿನ ಮೇಲೆ 25–30 ಮೀಟರ್ ಎತ್ತರಕ್ಕೆ ಹೋಗಿರುತ್ತದೆ! ಸರ್ವಿಸ್ ಸೆಂಟರಿಗೆ ಓಡಬೇಡಿ, ಸೆನ್ಸರ್ ಚೆನ್ನಾಗಿದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಹಾಗಾಗಿ ಎತ್ತರ ಗೊತ್ತಿರುವ ಜಾಗದಲ್ಲಿ ನಿಂತು ವಾಚಿಗೆ ಅದನ್ನು ಹೇಳಿಕೊಡಬೇಕು. ಎತ್ತರ ಎಲ್ಲಿ ಸಿಗುತ್ತದೆ? ರೈಲ್ವೆ ಸ್ಟೇಷನ್ನಿನಲ್ಲಿ. ಪ್ಲಾಟ್‌ಫಾರಂ ತುದಿಯ ಹಳದಿ ಹಲಗೆಯಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಅಂತ ಬರೆದಿರುವುದನ್ನು ನೋಡಿರಬಹುದು. ಸಕಲೇಶಪುರ ಸ್ಟೇಷನ್ನಿನಲ್ಲಿ ಆ ಅಂಕಿ ಹಾಕಿ ಹೊಂದಿಸಿ, ಹಗಲು ರೈಲಿನಲ್ಲಿ ಘಾಟಿ ಇಳಿದು, ಸುಬ್ರಹ್ಮಣ್ಯ ರೋಡ್ ಹಲಗೆಯ ಅಂಕಿಯೊಂದಿಗೆ ವಾಚನ್ನು ಹೋಲಿಸಿ. ಇದಕ್ಕಿಂತ ಚೆಂದದ ಪರೀಕ್ಷೆ ನನಗೆ ಗೊತ್ತಿಲ್ಲ, ಕಿಟಕಿಯಾಚೆ ಜಲಪಾತಗಳೂ ಸಿಗುತ್ತವೆ.

ಅಲ್ಲೂ ಅಂಕಿ ಪೂರ್ತಿ ಹೊಂದುವುದಿಲ್ಲ. ವಾಚಿನ ಲೆಕ್ಕ ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಇರುವ ಗಾಳಿಯನ್ನು ಹಿಡಿದು ಮಾಡಿದ್ದು. ನಮ್ಮ ಕರಾವಳಿಯ ಗಾಳಿ ಅದಕ್ಕಿಂತ ಎಷ್ಟೋ ಬಿಸಿ. ಬಿಸಿ ಗಾಳಿ ಹಿಗ್ಗಿರುವುದರಿಂದ ನಿಜವಾಗಿ 800 ಮೀಟರ್ ಇಳಿದರೂ ವಾಚು 750ರ ಆಸುಪಾಸು ತೋರಿಸಬಹುದು. ಚಾರಣಕ್ಕೆ ಹೋಗುವವರು ದಾರಿಯಲ್ಲಿ ಎತ್ತರ ಗೊತ್ತಿರುವ ಜಾಗ ಸಿಕ್ಕಿದಲ್ಲೆಲ್ಲ ಮತ್ತೆ ಹೊಂದಿಸಿಕೊಳ್ಳುವುದು ಇದಕ್ಕೇ. ಮುಳ್ಳಯ್ಯನಗಿರಿಯ ತುದಿಯಲ್ಲಿ 1,930 ಮೀಟರ್ ಬರಲಿಲ್ಲ ಅಂತ ಬೇಜಾರಾಗಬೇಡಿ. ವಿಮಾನದಲ್ಲಂತೂ 10 ಕಿಲೋಮೀಟರ್ ಮೇಲೆ ಹಾರುತ್ತಿದ್ದರೂ ವಾಚು 2,000 ಮೀಟರ್ ಆಸುಪಾಸು ಅನ್ನುತ್ತದೆ, ಅದು ಅಳೆಯುವುದು ಕ್ಯಾಬಿನ್ನಿನ ಒತ್ತಡವನ್ನು.

ಒತ್ತಡವನ್ನೇ ನೇರವಾಗಿ ನೋಡುವವರಿಗೆ ಇನ್ನೊಂದು ಗೊಂದಲ. ಹವಾಮಾನ ವರದಿಯಲ್ಲಿ 1010 ಇರುತ್ತದೆ, ಬೆಂಗಳೂರಿನ ವಾಚಿನಲ್ಲಿ 910. ವರದಿಯವರು ಅಂಕಿಯನ್ನು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳುತ್ತಾರೆ, ವಾಚು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಮಂಗಳೂರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಮಳೆ ಬರುತ್ತಾ ಅಂತ ತಿಳಿಯಬೇಕಾದರೆ ಇವತ್ತಿನ 4 ಗಂಟೆಯ ಅಂಕಿಯನ್ನು ನಿನ್ನೆಯ 4 ಗಂಟೆಯದರ ಜೊತೆ ಹೋಲಿಸಿ, ಬೆಳಗಿನದರ ಜೊತೆ ಅಲ್ಲ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಹತ್ತಿರ ಬಂದಾಗ ಕರಾವಳಿಯಲ್ಲಿ ಇಳಿತ ಎದ್ದು ಕಾಣುತ್ತದೆ. ಜುಲೈ ತಿಂಗಳ ಆಗುಂಬೆಯಲ್ಲಿ ಮಳೆ ಬರುತ್ತದೆ ಅನ್ನಲು ವಾಚು ಬೇಕಾ?

ದಿಕ್ಸೂಚಿ, ಉಷ್ಣಾಂಶ

ದಿಕ್ಸೂಚಿಯನ್ನು ಕೈಪಿಡಿಯಂತೆ ಒಮ್ಮೆ ಕ್ಯಾಲಿಬ್ರೇಟ್ ಮಾಡಿ, ಅಂದರೆ ಸರಿಹೊಂದಿಸಿ, ಬಯಲಲ್ಲಿ. ಬೈಕಿನ ಟ್ಯಾಂಕ್, ಕಬ್ಬಿಣದ ಬೀರು, ಮೊಬೈಲು ಹತ್ತಿರ ಇರಬಾರದು. ಪರೀಕ್ಷೆಗೆ ರಾತ್ರಿ ಧ್ರುವ ನಕ್ಷತ್ರ ಸಾಕು, ನಮ್ಮಲ್ಲಿ ಅದು ಉತ್ತರಕ್ಕೆ ದಿಗಂತದಿಂದ ತುಸುವೇ ಮೇಲೆ, ಬೆಂಗಳೂರಿನಲ್ಲಿ 13 ಡಿಗ್ರಿಯಷ್ಟು. ಉಷ್ಣಾಂಶ ನೋಡಬೇಕಾದರೆ ವಾಚನ್ನು ಬಿಚ್ಚಿ 20–30 ನಿಮಿಷ ನೆರಳಲ್ಲಿಡಬೇಕು, ಇಲ್ಲದಿದ್ದರೆ ಅದು ನಿಮ್ಮ ಮೈಬಿಸಿಯನ್ನೂ ಸೇರಿಸಿ ಹೇಳುತ್ತದೆ. ಯಾರೂ ಅಷ್ಟು ಕಾಯುವುದಿಲ್ಲ ಬಿಡಿ.

ಡಿಸ್‌ಪ್ಲೇ ಖಾಲಿಯಾದರೆ

ರಾತ್ರಿ ಕತ್ತಲಲ್ಲಿಟ್ಟ ಕ್ಯಾಸಿಯೊ ಒಂದು ಗಂಟೆ ಕಳೆದ ಮೇಲೆ ಡಿಸ್‌ಪ್ಲೇ ಆರಿಸಿಕೊಂಡು ಮಲಗುತ್ತದೆ. ಬೆಳಕಿಗೆ ತಂದರೆ ಅಥವಾ ಬಟನ್ ಒತ್ತಿದರೆ ಏಳುತ್ತದೆ. 6–7 ದಿನ ಹಾಗೇ ಬಿಟ್ಟರೆ ಬೀಪ್ ಕೂಡ ನಿಲ್ಲಿಸಿ, ಸಮಯವನ್ನಷ್ಟೇ ಲೆಕ್ಕ ಇಡುತ್ತದೆ. ಸತ್ತೇ ಹೋಯಿತು ಅಂತ ಗಾಬರಿಯಾಗಿ ಅಂಗಡಿಗೆ ಕೊಡುವ ಮೊದಲು ಕಿಟಕಿಗೆ ಹಿಡಿದು ನೋಡಿ.

ಸೆಲ್ಲು ಬದಲಿಸುವ ದಿನ

ಸೋಲಾರ್ ಅಂದರೆ ಸೆಲ್ಲೇ ಇಲ್ಲ ಅಂತಲ್ಲ. ಒಳಗೆ ಚಾರ್ಜ್ ಆಗುವ ಚಿಕ್ಕ ಸೆಲ್ಲು ಇರುತ್ತದೆ, ಚೆನ್ನಾಗಿ ನೋಡಿಕೊಂಡರೆ ಬಹಳ ವರ್ಷ ಬರುತ್ತದೆ, ಆದರೆ ಅದಕ್ಕೂ ಮುಪ್ಪಿದೆ. ಬಿಸಿಲಲ್ಲಿಟ್ಟರೂ ‘ಎಚ್’ಗೆ ಏರದಿದ್ದರೆ, ಏರಿದರೂ ಲೈಟನ್ನು ಎರಡು ಸಲ ಒತ್ತಿದಾಗ ಕುಸಿದರೆ ಬದಲಿಸುವ ಹೊತ್ತು. ಅನೇಕ ಕ್ಯಾಸಿಯೊಗಳಲ್ಲಿ ಸಿಟಿಎಲ್1616 ಅನ್ನುವ ಸೆಲ್ಲು ಇರುತ್ತದೆ. ಅದೇ ಅಳತೆಯ ಸಿಆರ್1616 ಎಲ್ಲೆಡೆ ಅಗ್ಗಕ್ಕೆ ಸಿಗುತ್ತದೆ, ಅಚ್ಚುಕಟ್ಟಾಗಿ ಕೂರುತ್ತದೆ, ವಾಚು ಓಡುತ್ತದೆ ಕೂಡ. ಆದರೆ ಅದು ಚಾರ್ಜ್ ಆಗುವ ಸೆಲ್ಲಲ್ಲ, ಮೇಲಿನ ಪ್ಯಾನೆಲ್ ಅದಕ್ಕೆ ಕರೆಂಟು ತುಂಬಲು ಹೋದರೆ ಸೋರಿ ಒಳಗಿನದೆಲ್ಲ ಹಾಳಾಗಬಹುದು. ಆದ್ದರಿಂದ ರಿಪೇರಿಯವರು ಹಾಕುವ ಮೊದಲು ಹೊಸ ಸೆಲ್ಲಿನ ಮೇಲಿನ ಅಕ್ಷರಗಳನ್ನು ನೀವೇ ಓದಿ, ಮುಚ್ಚಳದ ರಬ್ಬರ್ ರಿಂಗನ್ನೂ ಜೊತೆಗೆ ಬದಲಿಸಲು ಹೇಳಿ. ಹಳೇ ರಿಂಗ್ ಹಾಕಿ ಮುಚ್ಚಿದರೆ 200 ಮೀಟರ್ ವಾಟರ್ ರೆಸಿಸ್ಟ್ ಅಂತ ಬರೆದಿದ್ದರೂ ಮೊದಲ ಮಳೆಗೇ ಗಾಜಿನೊಳಗೆ ಮಂಜು ಕಟ್ಟಬಹುದು.