ಸಂಘದ ಕಂಪ್ಯೂಟರಿಗೆ ಲಿಬ್ರೆಆಫೀಸ್ ತರುವ ಬಗೆ

ಶಿರಸಿ ಸೀಮೆಯ ಸೇವಾ ಸಹಕಾರಿ ಸಂಘಗಳಲ್ಲಿ, ಪತ್ರ, ಲೆಕ್ಕದ ಹಾಳೆಗಳನ್ನು ಸಿದ್ಧಪಡಿಸುವ ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್ ಬಳಕೆಗೆ ಬರಬೇಕೆಂದು ಬಯಸುವವರು ಆಡಳಿತ ಮಂಡಳಿಯನ್ನು ಕಾಣುವ ಮೊದಲು, ದಿನವೂ ಅಲ್ಲಿನ ಕಡತಗಳನ್ನು ತೆರೆದು ಕೆಲಸ ಮಾಡುವ ಗುಮಾಸ್ತರ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಪರವಾನಗಿಗೆ ಹಣ ಕೊಡಬೇಕಿಲ್ಲ ಎಂಬ ಮಾತು ಮಂಡಳಿಗೆ ಬೇಗ ಹಿಡಿಸುತ್ತದೆ. ಆದರೆ ನಿನ್ನೆ ಸರಿಯಾಗಿದ್ದ ನೋಟೀಸು ಇಂದು ಕೆಟ್ಟು ಕಂಡರೆ ಉತ್ತರ ಹೇಳಬೇಕಾದವರು ಗುಮಾಸ್ತರೇ. ಒಮ್ಮೆ ನಾನು ಮಾರ್ಚ್ ಕೊನೆಯ ವಾರ, ಲೆಕ್ಕ ಮುಗಿಸುವ ಅವಸರದ ನಡುವೆ, ಒಂದು ಕಚೇರಿಯ ಎಲ್ಲ ಯಂತ್ರಗಳಿಗೂ ಒಂದೇ ದಿನ ಅದನ್ನು ಹಾಕಿಕೊಟ್ಟಿದ್ದೆ. ಎರಡೇ ದಿನಕ್ಕೆ ಅವರು ಹಳೆಯದಕ್ಕೆ ಮರಳಿದರು. ಅದು ಅವರ ತಪ್ಪಲ್ಲ.

ಆದ್ದರಿಂದ ಕೆಲಸ ಕಡಿಮೆಯಿರುವ ದಿನಗಳಲ್ಲಿ, ಒಂದೇ ಯಂತ್ರದಲ್ಲಿ, ಹಳೆಯ ತಂತ್ರಾಂಶವನ್ನು ತೆಗೆಯದೆ ಆರಂಭಿಸಿ. ಮಳೆಗಾಲದಲ್ಲಿ ನೆಟ್ ನಂಬುವಂತಿಲ್ಲ. ಅನುಸ್ಥಾಪನಾ ಕಡತವನ್ನೂ ಪ್ರತ್ಯೇಕವಾಗಿ ಸಿಗುವ ಸಹಾಯ ಕಡತವನ್ನೂ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಳವಡಿಸಿದ ಮೇಲೆ ಅದಕ್ಕೆ ನೆಟ್ ಬೇಕಿಲ್ಲ.

ಹೆಚ್ಚಿನ ತೊಡಕು ಬರುವುದು ಹಳೆಯ ಕನ್ನಡ ಕಡತಗಳಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಲ್ಲುವ ಸಂಕೇತಪದ್ಧತಿಯಾದ ಯುನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಬರೆದ ಕಡತದೊಳಗೆ ನಿಜವಾಗಿ ಇರುವುದು ರೋಮನ್ ಸಂಕೇತಗಳು, ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟು. ಆ ಫಾಂಟು ಇಲ್ಲದ ಯಂತ್ರದಲ್ಲಿ ‘ಅಡಿಕೆ’ ಎಂಬ ಪದವೂ ಅರ್ಥವಾಗದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಯಾವ ಆಫೀಸ್ ತಂತ್ರಾಂಶದಲ್ಲಿ ತೆರೆದರೂ ಅಷ್ಟೇ. ಇದನ್ನು ಗುಮಾಸ್ತರಿಗೆ ಮೊದಲೇ ತೋರಿಸಿ, ಪರಿವರ್ತಕದಿಂದ ಯುನಿಕೋಡ್‌ಗೆ ತಂದು, ‘ವಾರ್ಷಿಕ’, ‘ಕಾರ್ಯದರ್ಶಿ’, ‘ಖರ್ಚು’ ಮುಂತಾದ ಪದಗಳಲ್ಲಿ ಅರ್ಕಾವತ್ತು ಸ್ಥಳ ತಪ್ಪಿಲ್ಲವೇ ಎಂದು ಇಬ್ಬರೂ ಕೂಡಿ ಓದಿ. ಬಳಿಕ ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಭಾಷೆಯ ವಿಭಾಗದ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಕನ್ನಡವನ್ನು ಆರಿಸಿ. ಶೈಲಿಯನ್ನು ಬದಲಿಸುವಾಗ ಇಂಗ್ಲಿಷಿಗೂ ಕನ್ನಡಕ್ಕೂ ಫಾಂಟು, ಗಾತ್ರಗಳನ್ನು ಬೇರೆ ಬೇರೆಯಾಗಿ ಕೊಡಬೇಕು. ಇದು ತಿಳಿಯದೆ ಬೇಸತ್ತವರು ಬಹಳ.

ಲಿಬ್ರೆಆಫೀಸ್‌ನ ಲೆಕ್ಕದ ಹಾಳೆಯಾದ ಕ್ಯಾಲ್ಕ್ ಕಲಿಸುವಾಗ ಪುಸ್ತಕದ ಉದಾಹರಣೆ ಬೇಡ. ಆ ವಾರದ ಅಡಿಕೆ ವಹಿವಾಟನ್ನೇ ತೆಗೆದುಕೊಂಡು, ರಾಶಿ, ಚಾಲಿ, ಬೆಟ್ಟೆ ಎಂದು ಬಗೆ, ಸದಸ್ಯರ ಹೆಸರು, ತೂಕ, ದರ, ಮೊತ್ತ ತುಂಬಿ, ಸಾಲುಗಳನ್ನು ಗುಂಪುಮಾಡಿ ಕೂಡಿಸುವ ಪಿವೋಟ್ ಟೇಬಲ್‌ನಿಂದ ಸದಸ್ಯವಾರು ಮೊತ್ತ ತೆಗೆದು ತೋರಿಸಿ. ಎಕ್ಸೆಲ್‌ನ ಎಲ್ಲ ಮ್ಯಾಕ್ರೋಗಳೂ (ಕೆಲಸವನ್ನು ತಾನಾಗಿ ಮಾಡಿಸುವ ಸೂಚನೆಗಳು) ಇಲ್ಲಿ ನಡೆಯುತ್ತವೆ ಎನ್ನಲಾಗದು. ಅಂಥ ಕಡತವಿದ್ದರೆ ಅದನ್ನು ಹಳೆಯದರಲ್ಲೇ ಉಳಿಸುವುದು ಪ್ರಾಮಾಣಿಕ ಸಲಹೆ. ಹೊರಗೆ ಕಳುಹಿಸುವ ಪತ್ರಕ್ಕೆ ಪಿಡಿಎಫ್ ಸಾಕು.

‘ನಾಳೆ ಇದು ನಿಂತುಹೋದರೆ?’ ಎಂದು ಮಂಡಳಿ ಕೇಳಿಯೇ ಕೇಳುತ್ತದೆ. ಇಂಥದೇ ಹಿಂದಿನ ಮುಕ್ತ ತಂತ್ರಾಂಶವಾದ ಓಪನ್‌ಆಫೀಸ್‌ನ ಮುಂದಿನ ದಾರಿ ಸಂದೇಹಕ್ಕೆ ಬಿದ್ದಾಗ, ಅದರಲ್ಲಿ ದುಡಿಯುತ್ತಿದ್ದವರೇ 2010ರಲ್ಲಿ ಅದೇ ಮೂಲಸಂಕೇತದಿಂದ ಲಿಬ್ರೆಆಫೀಸ್ ಕಟ್ಟಿದರು ಎಂಬುದನ್ನು ವಿವರಿಸಿ. ಲಿಬ್ರೆಆಫೀಸ್ ಕಡತಗಳನ್ನು ಉಳಿಸುವ ಓಡಿಎಫ್ ಸ್ವರೂಪ 2006ರಿಂದಲೇ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಗಿದ್ದು, ಬೇರೆ ತಂತ್ರಾಂಶಗಳೂ ಅದನ್ನು ತೆರೆಯುತ್ತವೆ.

ಬಳಸುವವರು ಯೋಜನೆಗೆ ಮರಳಿ ಕೊಡಬಹುದಾದದ್ದೂ ಇದೆ. ವೆಬ್‌ಲೇಟ್ ಎಂಬ ಅನುವಾದ ತಾಣದಲ್ಲಿ ಮೆನುಗಳ ಕನ್ನಡ ಅನುವಾದವನ್ನು ತಿದ್ದಬಹುದು. ಯೋಜನೆಯನ್ನು ನಡೆಸುವ ಡಾಕ್ಯುಮೆಂಟ್ ಫೌಂಡೇಶನ್‌ಗೆ ದೇಣಿಗೆ ಕೊಡಬಹುದು. ಎಲ್ಲಕ್ಕಿಂತ ಬೆಲೆಯುಳ್ಳದ್ದು ಕನ್ನಡದ ದೋಷಗಳ ವರದಿ. ಒತ್ತಕ್ಷರ ಒಡೆದು ಕಂಡರೆ, ಆ ದೋಷ ಕಾಣುವ ಎರಡು ಸಾಲಿನ ಮಾದರಿ ಕಡತ, ಆವೃತ್ತಿಯ ಸಂಖ್ಯೆ, ಫಾಂಟಿನ ಹೆಸರು, ಪರದೆಯ ಚಿತ್ರ ಇಷ್ಟನ್ನು ಯೋಜನೆಯ ಬಗ್‌ಜಿಲ್ಲಾ ಎಂಬ ದೋಷ ವರದಿ ತಾಣದಲ್ಲಿ ದಾಖಲಿಸಿ. ಸದಸ್ಯರ ಹೆಸರು, ಖಾತೆ ಸಂಖ್ಯೆಗಳಿರುವ ಅಸಲು ಕಡತವನ್ನು ಮಾತ್ರ ಎಂದಿಗೂ ಲಗತ್ತಿಸಬೇಡಿ. ಅಲ್ಲಿ ಹಾಕಿದ್ದು ಎಲ್ಲರಿಗೂ ಕಾಣುತ್ತದೆ.