ಗೋದಾಮಿನ ಮನೆ ರಿಪೇರಿ: ಹೆಂಚಿನಿಂದ ಶುರು ಮಾಡಿ

ಮಂಗಳೂರಿನ ಹಳೇ ಬಂದರಿನ ಕಡೆ ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡಿನ (ಛಾವಣಿಯ) ಗೋದಾಮುಗಳು ಇನ್ನೂ ಇವೆ. ಅಂಥದೊಂದನ್ನು ಯಾರೋ ಹಿಂದೆ ಮನೆ ಮಾಡಿಕೊಂಡು, ಒಳಗೆ ಅಟ್ಟ ಹಾಕಿಸಿದ್ದರು ಅಂತಿಟ್ಟುಕೊಳ್ಳಿ. ಈಗ ಅದು ನಿಮ್ಮ ಕೈಗೆ ಬಂದಿದೆ. ಅಡುಗೆಮನೆಯ ಕ್ಯಾಟಲಾಗನ್ನು ಸದ್ಯಕ್ಕೆ ಮಡಚಿಡಿ. ಇಲ್ಲಿ ಕೆಲಸ ಮೇಲಿನಿಂದ ಕೆಳಕ್ಕೆ ಇಳಿಯಬೇಕು.

ಮೊದಲು ಕಾಗದಪತ್ರ. ದಾಖಲೆಯಲ್ಲಿ ಇನ್ನೂ ಗೋದಾಮು ಅಂತಲೇ ಇದೆಯಾ ನೋಡಿ. ಇದ್ದರೆ ಪಾಲಿಕೆಯಲ್ಲಿ ವಿಚಾರಿಸಿ, ಮೆಸ್ಕಾಂ ಕರೆಂಟ್ ಸಂಪರ್ಕವನ್ನೂ ಗೃಹಬಳಕೆಗೆ ಬದಲಿಸಿಕೊಳ್ಳಿ. ನದಿದಂಡೆಯ ಜಾಗವಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವನ್ನೂ ಕೇಳಿಕೊಳ್ಳಿ.

ಮಾಡು ಎಲ್ಲಿ ಸೋರುತ್ತದೆ ಅಂತ ಗೊತ್ತಾಗುವುದು ಜುಲೈ ಮಳೆಯಲ್ಲೇ. ಸೋರುವ ಕಡೆಯೆಲ್ಲ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಫೋಟೊ ತೆಗೆದಿಡಿ. ಕೆಲಸ ಮಾತ್ರ ಡಿಸೆಂಬರ್ ನಂತರ. ಹೆಂಚು ಇಳಿಸಿ, ಪಕ್ಕಾಸು (ಮಾಡಿನ ಇಳಿಜಾರು ಮರ) ಮತ್ತು ರೀಪುಗಳಿಗೆ (ಹೆಂಚು ಕೂರುವ ಅಡ್ಡಪಟ್ಟಿ) ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಆ ಮರ ಮುಗಿಯಿತು. ಗೋಡೆಯ ಮೇಲೆ ಕೂರುವ ಪಕ್ಕಾಸಿನ ತುದಿಗಳಲ್ಲೇ ಗೆದ್ದಲು ಜಾಸ್ತಿ.

ಹಳೇ ಹೆಂಚು ಎಸೆಯಬೇಡಿ. ಬೆರಳಲ್ಲಿ ತಟ್ಟಿ: ಟಣ್ ಅಂದರೆ ಇಟ್ಟುಕೊಳ್ಳಿ, ದಪ್ ಅಂದರೆ ಬಿರುಕಿದೆ. ಬದಲಿ ತರುವಾಗ ಹೆಂಚಿನ ಮೇಲೆ ಒತ್ತಿರುವ ಕಾರ್ಖಾನೆಯ ಮುದ್ರೆ ನೋಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಊರಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಎಲ್ಲರ ಅಚ್ಚೂ ಒಂದೇ ಅಲ್ಲ. ಒಬ್ಬರ ಹೆಂಚಿನ ಅಂಚಿನ ಕಚ್ಚಿಗೆ ಇನ್ನೊಬ್ಬರ ಹೆಂಚು ಸರಿಯಾಗಿ ಕೂರದಿದ್ದರೆ, ಸೋರಿಕೆ ಅಲ್ಲಿಂದಲೇ.

ಆಮೇಲೆ ಗೋಡೆ. ನಿಜವಾದ ತಲೆನೋವು ಇದೇ. ಮುರಕಲ್ಲಿಗೆ (ಅದೇ ಕೆಂಪುಕಲ್ಲು) ಹಿಂದಿನವರು ಸಿಮೆಂಟ್ ಗಾರೆ ಬಳಿದಿದ್ದರೆ ತೇವ ಹೊರಬರದೆ ಒಳಗೇ ಉಳಿಯುತ್ತದೆ. ಬಣ್ಣ ಉಬ್ಬಿ ಉದುರುತ್ತದೆ. ಅದನ್ನು ಕಿತ್ತು ಹಾಕಿಸಿ. ಒಣಮೀನು, ಉಪ್ಪಿನ ಗೋದಾಮಾಗಿದ್ದರೆ ಕಲ್ಲಿನಿಂದ ಬಿಳಿ ಪುಡಿ ಏಳುತ್ತಲೇ ಇರುತ್ತದೆ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಗೆ ಹೋಗುತ್ತದೆ, ಹಾಗಾಗಿ ಒಣ ಬ್ರಷ್‌ನಲ್ಲಿ ಉಜ್ಜಿ. ಜಾಸ್ತಿ ಇದ್ದ ಕಡೆ ಒದ್ದೆ ಕಾಗದದ ಮುದ್ದೆ ಮೆತ್ತಿ, ಒಣಗಿದ ಮೇಲೆ ಕಿತ್ತು ಬಿಸಾಡಿ. ಉಪ್ಪು ಅದರ ಜೊತೆ ಬರುತ್ತದೆ. ಕೆಲವು ಸಲ ಹೀಗೆ ಮಾಡಬೇಕು. ಗೋಡೆ ಪೂರ್ತಿ ಒಣಗಿದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಹಾಕಿಸಿ. ಅವಸರದ ಮೇಸ್ತ್ರಿ ಇದಕ್ಕೂ ಸಿಮೆಂಟ್ ಬೆರೆಸೋಣ ಅನ್ನುತ್ತಾನೆ. ಒಪ್ಪಬೇಡಿ.

ನ್ಯೂಯಾರ್ಕಿನ ಸೋಹೋದಲ್ಲಿ 1960ರ ದಶಕದಲ್ಲಿ ಕಲಾವಿದರು ಖಾಲಿ ಕಾರ್ಖಾನೆಗಳಲ್ಲಿ ವಾಸ ಶುರು ಮಾಡಿದರು. ಅಂಥ ಕಾರ್ಖಾನೆ-ಮನೆಗಳ (ಲಾಫ್ಟ್‌ಗಳ) ಬೋಳು ಇಟ್ಟಿಗೆ ಗೋಡೆ ಫೋಟೊದಲ್ಲಿ ಚೆಂದ. ಕರಾವಳಿಯ ಮಳೆಗೆ ಎದುರಾಗಿರುವ ಗೋಡೆಯನ್ನು ಹಾಗೆ ಬಿಡುವುದು ಬೇಡ. ಒಳಗಿನ ಅಡ್ಡಗೋಡೆ ಒಂದನ್ನು ಬೇಕಾದರೆ ಬಿಡಿ.

ಈಗ ಅಟ್ಟ. ಹಳೇ ತೊಲೆಗಳನ್ನು ಮುರಕಲ್ಲಿನ ಗೋಡೆಗೆ ಸುಮ್ನೆ ತೂರಿಸಿದ್ದರೆ ಅವನ್ನು ನಂಬಬೇಡಿ. ಈ ಕಲ್ಲು ಮೆತ್ತಗೆ. ಒಂದೇ ಜಾಗದ ಮೇಲೆ ಭಾರ ಬಿದ್ದರೆ ಪುಡಿಯಾಗಬಹುದು. ಅಟ್ಟಕ್ಕೆ ಅದರದ್ದೇ ಕಂಬ, ಅದರದ್ದೇ ಅಡಿಪಾಯ ಇರಲಿ. ವಾಸದ ಅಟ್ಟ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ತಡೆಯಬೇಕು, ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರೇ ಮಾಡಲಿ. ಸಮುದ್ರದ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ವೆಲ್ಡಿಂಗ್ ಆದ ಕೂಡಲೇ ಪ್ರೈಮರ್ ಹೊಡೆಸಿ. ಮೆಟ್ಟಿಲು 19 ಸೆಂ.ಮೀ.ಗಿಂತ ಎತ್ತರ ಬೇಡ, ಕಾಲಿಡುವ ಅಗಲ 25 ಸೆಂ.ಮೀ. ಇರಲಿ. ಅಟ್ಟ ಮನೆಯ ಮೂರನೇ ಒಂದು ಭಾಗ ಮೀರದಿದ್ದರೆ ಒಳ್ಳೆಯದು. ಎತ್ತರದ ಮಾಡು ಕಾಣದ ಮೇಲೆ ಗೋದಾಮಿನ ಮನೆ ಯಾಕೆ ಬೇಕು, ಅಲ್ವಾ?

ಏಪ್ರಿಲ್‌ನಲ್ಲಿ ಹೆಂಚಿನ ಕೆಳಗೆ ಮಲಗುವುದು ಕಷ್ಟ. ಮರದ ಮುಚ್ಚಿಗೆ (ಒಳಚಾವಣಿ) ಹಾಕಿಸಿ, ಅದಕ್ಕೂ ಹೆಂಚಿಗೂ ನಡುವೆ ಗಾಳಿಗೆ ಜಾಗ ಬಿಡಿ. ಎರಡೂ ತುದಿಯ ತ್ರಿಕೋನ ಗೋಡೆಯ ಮೇಲ್ಭಾಗದಲ್ಲಿ ಬಲೆ ಹಾಕಿದ ಕಿಂಡಿಗಳಿರಲಿ. ಬೆಳಕಿಗೆ ಗಾಜಿನ ಹೆಂಚು ಸಾಕು. ಉತ್ತರದ ಇಳಿಜಾರಿನಲ್ಲಿ ನಾಲ್ಕೈದು ಹಾಕಿಸಿ, ಹಾಸಿಗೆಯ ನೇರಕ್ಕೆ ಮಾತ್ರ ಬೇಡ. ಬಚ್ಚಲು ಅಟ್ಟದ ಮೇಲೆ ಬೇಡ, ಕೆಳಗೇ ಇರಲಿ. ವೈರಿಂಗ್ ಗೋಡೆ ಕೊರೆಯದೆ ಹೊರಗಿನ ಪೈಪಿನಲ್ಲಿ ಎಳೆಸಿ. ಇಷ್ಟಾದ ಮೇಲೆ ಆ ಕ್ಯಾಟಲಾಗ್ ತೆರೆಯಬಹುದು.